ಎಣಿಕೆ ಮೊದಲು, ಕೋವಿ ಆಮೇಲೆ

ಬೈಂದೂರು ತಾಲ್ಲೂಕಿನ ನಾಗೂರಿನಲ್ಲಿ ಈಚಿನ ವರ್ಷಗಳಲ್ಲಿ ಒಮ್ಮೆ ಮನೆಯ ಬಾವಿಯೊಳಗೆ ಮೊಸಳೆ ಕಾಣಿಸಿಕೊಂಡಿತ್ತು. ಸುದ್ದಿ ಊರೂರು ದಾಟಿತು. ಅರಣ್ಯ ಇಲಾಖೆಯವರು ಬಂದು, ಬಹಳ ಹೊತ್ತು ಹೆಣಗಿ, ಅದನ್ನು ಜೀವಂತ ಹಿಡಿದು ಸಾಗಿಸಿದರು. ಇದೇ ಪ್ರಾಣಿ ಇದೇ ಬಾವಿಗೆ 1945ರಲ್ಲಿ ಇಳಿದಿದ್ದರೆ, ಕೋವಿ ಇದ್ದವರು ಯಾರಾದರೂ ಈಡು ಹೊಡೆದು ಮುಗಿಸಬಹುದಿತ್ತು. ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಮೊಸಳೆಯ ಸಂಬಂಧಿಯಾದ ಅಲಿಗೇಟರ್ ಇಂದು ಅಮೆರಿಕದ ಫ್ಲೋರಿಡಾದಲ್ಲಿ ಹೀಗೆ ಕಾಣಿಸಿಕೊಂಡರೆ, ಸರಕಾರದ ಸಹಾಯವಾಣಿಗೆ ಫೋನು ಹೋಗುತ್ತದೆ, ಪರವಾನಗಿ ಪಡೆದ ಹಿಡಿಯುವವನು ಬರುತ್ತಾನೆ. ಪ್ರಾಣಿ ನಾಲ್ಕು ಅಡಿಗಿಂತ ಉದ್ದವಿದ್ದರೆ ಸಾಮಾನ್ಯವಾಗಿ ಅದನ್ನು ಕೊಲ್ಲಲಾಗುತ್ತದೆ. ಚರ್ಮ, ಮಾಂಸ ಮಾರಿ ಬಂದ ಹಣವೇ ಅವನ ಮುಖ್ಯ ಸಂಪಾದನೆ.

ಹತ್ತಿರದ ಸಂಬಂಧಿಗಳಾದ ಪ್ರಾಣಿಗಳ ಬಗ್ಗೆ ಕಾನೂನುಗಳು ಇಷ್ಟು ಬೇರೆಬೇರೆಯಾಗಿರುವುದು ಮೇಲ್ನೋಟಕ್ಕೆ ವಿಚಿತ್ರ. ಒಂದು ಕಡೆ ಮುಟ್ಟಿದರೆ ಜೈಲು, ಇನ್ನೊಂದು ಕಡೆ ಹಣ ಕಟ್ಟಿ ಚೀಟಿ ಪಡೆದರೆ ಮೋಜಿಗಾಗಿಯೇ ಕೊಲ್ಲಬಹುದು. ಎರಡರಲ್ಲಿ ಒಂದು ತಪ್ಪಿರಲೇಬೇಕು ಎಂದು ಅನ್ನಿಸುವುದು ಸಹಜ. ಎರಡೂ ಸರಿ ಇರಬಹುದು ಎಂದು ನನ್ನ ನಂಬಿಕೆ. ಯಾವಾಗ ಯಾವುದು ಸರಿ ಎಂಬುದನ್ನು ಜೀವವಿಜ್ಞಾನ ಹೇಳಬಲ್ಲುದು, ಹೇಳಿದೆ ಕೂಡ.

ಮೊದಲು ನಮ್ಮ ಕಡೆಯ ಕಥೆ. ಕೋಟ, ಕುಂದಾಪುರ, ಬೈಂದೂರು 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಆಗುಂಬೆ ಘಾಟಿಯನ್ನೋ ಹುಲಿಕಲ್ ಘಾಟಿಯನ್ನೋ ಹತ್ತಿದರೆ ಮೈಸೂರು ಸಂಸ್ಥಾನ. ಅಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಳ ರಕ್ಷಣೆಗೆಂದು ಒಂದು ರೆಗ್ಯುಲೇಷನ್ ಬಂದಿತ್ತು. ಘಾಟಿಯ ಕೆಳಗೆ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದ 1912ರ ಕಾಡುಹಕ್ಕಿ ಮತ್ತು ಪ್ರಾಣಿ ರಕ್ಷಣಾ ಕಾಯ್ದೆ. ಅದರ ಅನುಸೂಚಿಯನ್ನು ಓದಿದರೆ ಆ ಕಾಲದ ಮನಸ್ಸು ಗೊತ್ತಾಗುತ್ತದೆ. ಬಾತುಕೋಳಿ, ನವಿಲು, ಕಾಡುಕೋಳಿ, ಬೆಳ್ಳಕ್ಕಿ, ಮಿಂಚುಳ್ಳಿ ಇವೆ. ಜಿಂಕೆ, ಕಾಟಿ, ಮೊಲ, ಖಡ್ಗಮೃಗ ಇವೆ. ಹರಿದಾಡುವ ಒಂದೇ ಒಂದು ಜೀವಿಯ ಹೆಸರೂ ಇಲ್ಲ. ಹುಲಿಯ ಹೆಸರೂ ಇಲ್ಲ. ಶಿಕಾರಿಗೆ ಹಬ್ಬದೂಟವಾಗುವ ಪ್ರಾಣಿ ಪಕ್ಷಿಗಳೂ ರೆಕ್ಕೆಪುಕ್ಕದ ವ್ಯಾಪಾರಕ್ಕೆ ಸಿಕ್ಕ ಹಕ್ಕಿಗಳೂ ಮುಗಿದು ಹೋಗದಂತೆ ನೋಡಿಕೊಳ್ಳುವುದು ಆ ಕಾಯ್ದೆಯ ಗುರಿ. ಮನುಷ್ಯನಿಗೆ ಅಪಾಯ ಮಾಡುವಂಥವನ್ನು ಕೊಂದರೆ ಒಳ್ಳೆಯದೇ ಆಯಿತು ಎಂಬುದು ಅಂದಿನ ಅಧಿಕಾರಿಗಳ ಎಣಿಕೆ.

ಕಾಸರಗೋಡಿನ ಕುಂಬಳೆ ಬಳಿಯ ಅನಂತಪುರ ದೇವಸ್ಥಾನದ ಕೆರೆಯ ಬಗ್ಗೆ ಕನ್ನಡ, ತುಳು ಮಾತಾಡುವವರೆಲ್ಲ ಕೇಳಿರುತ್ತೀರಿ. ಅಲ್ಲಿ ನೈವೇದ್ಯದ ಅನ್ನ ತಿಂದು ಬಾಳಿದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು. ಬಬಿಯಾಗಿಂತ ಹಿಂದಿದ್ದ ಮೊಸಳೆಯನ್ನು 1945ರಲ್ಲಿ ಒಬ್ಬ ಬ್ರಿಟಿಷ್ ಸಿಪಾಯಿ ಗುಂಡಿಟ್ಟು ಕೊಂದ ಎಂದು ಊರಿನವರು ಹೇಳುತ್ತಾರೆ. ಅದು ಸ್ಥಳದ ಐತಿಹ್ಯ. ಆದರೆ ಕಾನೂನಿನ ಕಣ್ಣಿನಿಂದ ನೋಡಿದರೆ ಅದರಲ್ಲಿ ನಂಬಲಾಗದ್ದು ಏನೂ ಇಲ್ಲ. ದೇವರ ಮೊಸಳೆಯನ್ನು ಊರವರ ಭಕ್ತಿ ಕಾಯುತ್ತಿತ್ತು, ಹೊಳೆಯ ಮೊಸಳೆಗೆ ಯಾರೂ ಇರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೋವಿ ಹೆಚ್ಚಿತು, ಜೀಪು ಬಂತು, ಬ್ಯಾಟರಿ ಬಂತು. ಮೊಸಳೆಯ ಚರ್ಮಕ್ಕೆ ಹೊರದೇಶದಲ್ಲಿ ಒಳ್ಳೆ ಬೆಲೆಯಿತ್ತು. 1970ರ ಹೊತ್ತಿಗೆ ದೇಶದ ಮೂರೂ ಜಾತಿಯ ಮೊಸಳೆಗಳು ಅಳಿವಿನ ಅಂಚಿಗೆ ಬಂದಿದ್ದವು. ಉಪ್ಪುನೀರಿನ ದೊಡ್ಡ ಮೊಸಳೆ ಪಕ್ಕದ ಕೇರಳದ ಅಳಿವೆಗಳಿಂದ ಪೂರ್ತಿಯಾಗಿ ಮಾಯವಾಯಿತು. ಇಡೀ ಕರ್ನಾಟಕದಲ್ಲಿ ಇಂದು ಹೊಳೆಗಳಲ್ಲಿ ಉಳಿದಿರುವುದು ಅಗಲ ಮೂತಿಯ ಮಗರ್ ಒಂದೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಒಮ್ಮೆಗೇ ನಿಲ್ಲಿಸಿತು ಎಂದು ಹಲವರು ತಿಳಿದಿದ್ದಾರೆ. ಹಾಗಾಗಲಿಲ್ಲ. ಮೊದಲ 19 ವರ್ಷ ಅದು ಮೋಜಿನ ಬೇಟೆಯನ್ನು ಪರವಾನಗಿಯ ಕಟ್ಟಿನಲ್ಲಿಟ್ಟು ನಡೆಸಿದ ಕಾಯ್ದೆ. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಬೇರೆಬೇರೆ ಲೈಸೆನ್ಸು ಕೊಡುವ ವ್ಯವಸ್ಥೆ ಅದರಲ್ಲಿತ್ತು. ಮೊದಲ ಅನುಸೂಚಿಯ ಪ್ರಾಣಿಗಳನ್ನು ಮುಟ್ಟುವಂತಿರಲಿಲ್ಲ, ಉಳಿದವನ್ನು ಚೀಟಿ ಇದ್ದವರು ಹೊಡೆಯಬಹುದಿತ್ತು. ಗಾಡಿಯಲ್ಲಿ ಕುಳಿತು ಗುಂಡು ಹಾರಿಸಬಾರದು, ಸೂರ್ಯ ಮುಳುಗಿದ ಮೇಲೆ ಹೊಡೆಯಬಾರದು, ಮರಿಯನ್ನೂ ಹೆಣ್ಣನ್ನೂ ಬಿಡಬೇಕು, ಕೊಂದದ್ದರ ಜಾತಿ, ಸಂಖ್ಯೆ, ಗಂಡೋ ಹೆಣ್ಣೋ, ಎಲ್ಲಿ, ಯಾವತ್ತು ಎಂದು ದಾಖಲೆ ಇಡಬೇಕು ಎಂಬ ನಿಯಮಗಳೂ ಇದ್ದವು. ಕಾಗದದ ಮೇಲೆ ಓದಿದರೆ ಫ್ಲೋರಿಡಾದ ನಿಯಮಗಳಿಗಿಂತ ಇವು ಸಡಿಲವೇನಲ್ಲ. ಆದರೆ ಮುಖ್ಯವಾದದ್ದೇ ಇರಲಿಲ್ಲ. ಕೊಂದವನು ಲೆಕ್ಕ ಕೊಡಬೇಕೆಂದಿತ್ತು. ಉಳಿದದ್ದು ಎಷ್ಟು ಎಂದು ಎಣಿಸಿ, ಅದರ ಮೇಲೆ ಇಷ್ಟೇ ಎಂದು ಮಿತಿ ಹಾಕುವ ಪದ್ಧತಿ ಬೆಳೆಯಲೇ ಇಲ್ಲ. 1991ರ ತಿದ್ದುಪಡಿ ಈ ಲೈಸೆನ್ಸುಗಳನ್ನೆಲ್ಲ ರದ್ದು ಮಾಡಿತು. ಅಂದಿನಿಂದ ಭಾರತದಲ್ಲಿ ಮೋಜಿನ ಬೇಟೆ ಇಲ್ಲ. 2022ರ ತಿದ್ದುಪಡಿಯ ನಂತರ ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮಗರ್ ಇರುವುದು ಅಲ್ಲೇ.

ಅಮೆರಿಕದ ಅಲಿಗೇಟರಿನ ಕಥೆಯೂ ಆರಂಭದಲ್ಲಿ ಹೀಗೆಯೇ ಇತ್ತು. ಲೂಯಿಸಿಯಾನ, ಫ್ಲೋರಿಡಾಗಳ ಜೌಗಿನಲ್ಲಿ ನೂರು ವರ್ಷ ಚರ್ಮಕ್ಕಾಗಿ ಲೆಕ್ಕವಿಲ್ಲದೆ ಕೊಂದರು. ಕಡೆಗೆ ಹೆದರಿ 1962ರಲ್ಲಿ ಲೂಯಿಸಿಯಾನ ಬೇಟೆಯನ್ನು ಪೂರ್ತಿ ಮುಚ್ಚಿತು. 1967ರಲ್ಲಿ ಕೇಂದ್ರ ಸರಕಾರ ಅಲಿಗೇಟರನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಆದರೂ ಕಳ್ಳಬೇಟೆ ನಿಲ್ಲಲಿಲ್ಲ, ಏಕೆಂದರೆ ಒಂದು ರಾಜ್ಯದಲ್ಲಿ ಕದ್ದ ಚರ್ಮವನ್ನು ಇನ್ನೊಂದರಲ್ಲಿ ರಾಜಾರೋಷವಾಗಿ ಮಾರಬಹುದಿತ್ತು. 1969ರಲ್ಲಿ ಲೇಸಿ ಕಾಯ್ದೆಯನ್ನು ತಿದ್ದಿ, ಕದ್ದ ಸರೀಸೃಪವನ್ನು ರಾಜ್ಯದ ಗಡಿ ದಾಟಿಸುವುದೇ ಅಪರಾಧ ಎಂದರು. ಕಳ್ಳಬೇಟೆಯ ಬೆನ್ನು ಮುರಿದದ್ದು ಹೊಳೆಯ ದಡದಲ್ಲಿ ಕಾವಲು ನಿಂತವರಷ್ಟೇ ಅಲ್ಲ, ಪೇಟೆಯನ್ನು ಮುಚ್ಚಿದ ಈ ಕಾನೂನು ಕೂಡ.

ಆಮೇಲೆ ನಡೆದದ್ದು ನಿಜಕ್ಕೂ ಕಲಿಯಬೇಕಾದ ಪಾಠ. ಲೂಯಿಸಿಯಾನದ ರಾಕ್‌ಫೆಲ್ಲರ್ ವನ್ಯಜೀವಿ ಧಾಮದಲ್ಲಿ ಟೆಡ್ ಜೊವಾನೆನ್ ಮತ್ತು ಲ್ಯಾರಿ ಮೆಕ್‌ನೀಸ್ ಎಂಬ ಜೀವವಿಜ್ಞಾನಿಗಳು ವರ್ಷಗಟ್ಟಲೆ ಅಲಿಗೇಟರಿನ ಬದುಕನ್ನು ಅಭ್ಯಾಸ ಮಾಡಿದರು. ಗೂಡು ಎಲ್ಲಿ ಕಟ್ಟುತ್ತದೆ, ಎಷ್ಟು ಮೊಟ್ಟೆ, ಗಂಡು ಎಲ್ಲಿ ಅಲೆಯುತ್ತದೆ, ಹೆಣ್ಣು ಎಲ್ಲಿ ಕೂರುತ್ತದೆ. ಅಲಿಗೇಟರ್ ಹೆಣ್ಣು ಬೇಸಿಗೆಯಲ್ಲಿ ಹುಲ್ಲು, ಸೊಪ್ಪು ಒಟ್ಟಿ ದಿಬ್ಬ ಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಸೊಪ್ಪು ಕೊಳೆಯುವಾಗ ಹುಟ್ಟುವ ಕಾವೇ ಮೊಟ್ಟೆಗೆ ಕಾವು. ಮರಿ ಹೊರಬರುವುದು ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ. ಆ ದಿನಗಳಲ್ಲಿ ತಾಯಂದಿರೆಲ್ಲ ಜೌಗಿನ ಒಳಭಾಗದಲ್ಲಿ ಗೂಡಿನ ಹತ್ತಿರವೇ ಇರುತ್ತವೆ. ತೆರೆದ ಕಾಲುವೆಗಳಲ್ಲೂ ಸರೋವರಗಳಲ್ಲೂ ಸಿಗುವುದು ಹೆಚ್ಚಾಗಿ ಗಂಡು. ಆದ್ದರಿಂದ ಬೇಟೆಯ ಋತುವನ್ನು ಆ ಹೊತ್ತಿಗೇ ಇಟ್ಟರು. ಬೇಟೆಗಾರನಿಗೆ ಗಂಡು ಹೆಣ್ಣು ಗುರುತಿಸಲು ಹೇಳಿಕೊಡಬೇಕಾಗಲಿಲ್ಲ. ತಿಂಗಳು ಆರಿಸಿದ್ದರಿಂದಲೇ ಹೆಣ್ಣುಗಳು ಉಳಿದವು. ಕಾನೂನು ಮತ್ತು ಜೀವವಿಜ್ಞಾನ ಒಟ್ಟಿಗೆ ಕುಳಿತು ಯೋಚಿಸಿದರೆ ಎಂಥ ನಿಯಮ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1972ರಲ್ಲಿ, ನಮ್ಮ ಕಾಯ್ದೆ ಬಂದ ಅದೇ ವರ್ಷ, ಕ್ಯಾಮೆರಾನ್ ಎಂಬ ಒಂದೇ ಒಂದು ಜಿಲ್ಲೆಯಷ್ಟು ಪ್ರದೇಶದಲ್ಲಿ ಬೇಟೆಯನ್ನು ಮತ್ತೆ ತೆರೆದು ನೋಡಿದರು. ಲೆಕ್ಕ ಸರಿಯಾಗಿ ಬಂದ ಮೇಲೆ ಮೆಲ್ಲಮೆಲ್ಲನೆ ಉಳಿದ ಕಡೆಗೆ ಹಬ್ಬಿಸಿದರು. 1987ರಲ್ಲಿ ಅಲಿಗೇಟರ್ ಪೂರ್ತಿ ಚೇತರಿಸಿಕೊಂಡಿದೆ ಎಂದು ಸಾರಲಾಯಿತು. 1988ರಲ್ಲಿ ಫ್ಲೋರಿಡಾ ತನ್ನ ಮೊದಲ ರಾಜ್ಯವ್ಯಾಪಿ ಬೇಟೆಯನ್ನು ಆರಂಭಿಸಿತು. ಅಲ್ಲಿ ಈಗ ಸುಮಾರು 13 ಲಕ್ಷ, ಲೂಯಿಸಿಯಾನದಲ್ಲಿ ಸುಮಾರು 20 ಲಕ್ಷ ಅಲಿಗೇಟರುಗಳಿವೆ ಎಂದು ಅಂದಾಜು.

ಫ್ಲೋರಿಡಾದಲ್ಲಿ ಬೇಟೆಯಾಡಲು ಅರ್ಜಿ ಹಾಕಬೇಕು. ಲಾಟರಿಯಲ್ಲಿ ಹೆಸರು ಬಂದರೆ ಇಂಥ ಸರೋವರ, ಇಂಥ ಹೊಳೆ, ಇಂಥ ವಾರ ಎಂದು ಗೊತ್ತು ಮಾಡಿದ ಪರವಾನಗಿ ಸಿಗುತ್ತದೆ. ಅದರ ಜೊತೆ ಎರಡೇ ಎರಡು ಬಿಲ್ಲೆ. ಕೊಂದ ಕೂಡಲೇ ಬಿಲ್ಲೆಯನ್ನು ಪ್ರಾಣಿಗೆ ಚುಚ್ಚಿ ಬಿಗಿಯಬೇಕು. ಬಿಲ್ಲೆಯಿಲ್ಲದ ಚರ್ಮವನ್ನು ಲೋಕದ ಯಾವ ಮೂಲೆಯಲ್ಲೂ ನ್ಯಾಯವಾಗಿ ಮಾರಲು ಬರುವುದಿಲ್ಲ. ದೂರದಿಂದ ಕೋವಿಯಲ್ಲಿ ಹೊಡೆಯುವಂತಿಲ್ಲ. ಮೊದಲು ಈಟಿಯನ್ನೋ ಗಾಳವನ್ನೋ ಹಾಕಿ ಹಗ್ಗಕ್ಕೆ ಕಟ್ಟಬೇಕು, ಆಮೇಲೆಯೇ ಕೊಲ್ಲಬೇಕು. ಗಾಯಗೊಂಡ ಪ್ರಾಣಿ ನೀರಿನಡಿ ಹೋಗಿ ಸತ್ತರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲವಲ್ಲ, ಅದಕ್ಕಾಗಿ ಈ ನಿಯಮ. ಲೂಯಿಸಿಯಾನದಲ್ಲಿ ಕರಾವಳಿಯ ಜೌಗು ಬಹುಪಾಲು ಖಾಸಗಿಯವರದು. ಪ್ರತಿ ಬೇಸಿಗೆ ಹೆಲಿಕಾಪ್ಟರಿನಲ್ಲಿ ಹಾರಿ ಗೂಡುಗಳನ್ನು ಎಣಿಸುತ್ತಾರೆ, ಜೌಗಿನ ಗುಣ ಮತ್ತು ವಿಸ್ತಾರ ನೋಡಿ ಜಾಗದ ಒಡೆಯನಿಗೆ ಇಷ್ಟು ಬಿಲ್ಲೆ ಎಂದು ಹಂಚುತ್ತಾರೆ. ಜೌಗು ಉಳಿಸಿಕೊಂಡವನಿಗೆ ಆದಾಯ ಬರುತ್ತದೆ. ಅದನ್ನು ಒಣಗಿಸಿ ಬೇರೇನೋ ಮಾಡುವ ಆಸೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಇಷ್ಟು ಕೊಂದರೂ ಸಂತತಿ ಕುಗ್ಗದಿರಲು ಕಾರಣ ಮೊಸಳೆ ಜಾತಿಗಳ ಬದುಕಿನ ಕ್ರಮದಲ್ಲೇ ಇದೆ. ಒಂದು ಅಲಿಗೇಟರ್ 30ರಿಂದ 50 ಮೊಟ್ಟೆ ಇಡುತ್ತದೆ, ಮಗರ್ ಸಾಮಾನ್ಯವಾಗಿ 25ರಿಂದ 30. ಅವುಗಳಲ್ಲಿ ಬಹುಪಾಲನ್ನು ನೆರೆ, ಉಡ, ಕೊಕ್ಕರೆ, ಮೀನು, ದೊಡ್ಡ ಮೊಸಳೆಗಳೇ ಮೊದಲ ವರ್ಷದಲ್ಲಿ ಮುಗಿಸುತ್ತವೆ. ಒಂದು ಗೂಡಿನಿಂದ ದೊಡ್ಡದಾಗಿ ಬೆಳೆಯುವುದು ಒಂದೋ ಎರಡೋ, ಎಷ್ಟೋ ಸಲ ಒಂದೂ ಇಲ್ಲ. ಆದರೆ ಆರು ಅಡಿ ದಾಟಿದ ಮೇಲೆ ಅದನ್ನು ಕೊಲ್ಲುವ ಶಕ್ತಿ ಮನುಷ್ಯನ ಹೊರತು ಬೇರೆ ಯಾರಿಗೂ ಇಲ್ಲವೆನ್ನಬಹುದು. ದಶಕಗಳ ಕಾಲ ಬಾಳುತ್ತದೆ, ವರ್ಷ ವರ್ಷ ಮೊಟ್ಟೆ ಇಡುತ್ತದೆ. ಹೇಗೂ ಸಾಯಲಿದ್ದ ಮೊಟ್ಟೆಗಳಲ್ಲಿ ಒಂದು ಪಾಲನ್ನು ತೆಗೆದರೆ ಸಂತತಿಗೆ ಅಷ್ಟಾಗಿ ತಟ್ಟುವುದಿಲ್ಲ, ದೊಡ್ಡ ಹೆಣ್ಣೊಂದನ್ನು ತೆಗೆದರೆ ಇಪ್ಪತ್ತು ವರ್ಷದ ಸಂತಾನ ಹೋಯಿತು. ತೆಂಗಿನ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಯಿ ಕೊಯ್ಯುವುದು ಬೇರೆ, ಮರ ಕಡಿಯುವುದು ಬೇರೆ. ಲೂಯಿಸಿಯಾನದಲ್ಲಿ ಕಾಡಿನ ಗೂಡುಗಳಿಂದ ಮೊಟ್ಟೆ ಸಂಗ್ರಹಿಸಿ ಸಾಕುವವರು, ಬೆಳೆದ ಮರಿಗಳಲ್ಲಿ ನಿಗದಿಯಾದ ಒಂದು ಪಾಲನ್ನು ತಿರುಗಿ ಜೌಗಿಗೆ ಬಿಡಬೇಕೆಂಬ ನಿಯಮ ಈ ತಿಳಿವಳಿಕೆಯಿಂದಲೇ ಹುಟ್ಟಿತು.

ಇದಕ್ಕೆಲ್ಲ ಬುನಾದಿ ಎಣಿಕೆ. ಮೊಸಳೆಯನ್ನು ಎಣಿಸುವುದು ರಾತ್ರಿ. ಅದರ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆಸೆಯುವ ಪದರವಿದೆ. ದೋಣಿಯಿಂದ ಟಾರ್ಚು ಹಾಯಿಸಿದರೆ ನೀರ ಮೇಲೆ ಕೆಂಡದ ಬಣ್ಣದ ಹೊಳಪು ಕಾಣುತ್ತದೆ. ಹತ್ತಿರ ಹೋದರೆ ತಲೆಯ ಉದ್ದ ನೋಡಿ ಮೈಯ ಉದ್ದವನ್ನು ಅಂದಾಜು ಮಾಡಬಹುದು. ಕಂಡದ್ದಷ್ಟೇ ಇರುವುದಲ್ಲ, ಕೆಲವು ಮುಳುಗಿರುತ್ತವೆ, ಕೆಲವು ಕಾಂಡ್ಲಾ ಬೇರುಗಳ ಮರೆಯಲ್ಲಿರುತ್ತವೆ. ಒಂದೇ ಹೊಳೆಯನ್ನು ಮತ್ತೆ ಮತ್ತೆ ಎಣಿಸಿ, ಕಾಣದೆ ಹೋಗುವ ಪಾಲು ಎಷ್ಟೆಂದು ಲೆಕ್ಕ ಹಾಕಬೇಕು. ಈ ಬಗೆಯ ಲೆಕ್ಕಾಚಾರವನ್ನು ಭಾರತಕ್ಕೆ ಕಲಿಸಿದವರಲ್ಲಿ ಮುಖ್ಯರು ಕೋಟ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು. ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಹೆಜ್ಜೆಗುರುತು ನೋಡಿ ಎಣಿಸುವ ಹಳೆಯ ಪದ್ಧತಿ ಎಷ್ಟು ನಂಬಲಾಗದ್ದು ಎಂದು ಅವರು ತೋರಿಸಿದರು. ಸರಿಸ್ಕಾದ ಹುಲಿಗಳೆಲ್ಲ ಮುಗಿದುಹೋದದ್ದು 2005ರಲ್ಲಿ ಬಯಲಾದ ಮೇಲೆಯೇ ದೇಶ ಆ ಹಳೆಯ ಪದ್ಧತಿಯನ್ನು ಕೈಬಿಟ್ಟಿತು.

ಈಗ ನಮ್ಮ ಹೊಳೆಗಳಿಗೆ ಬರೋಣ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಐದೂ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಸೀತಾ ನದಿ ಬಾರಕೂರು, ಮಾಬುಕಳ ದಾಟಿ ಹಂಗಾರಕಟ್ಟೆಯ ಕಡೆ ಇಳಿಯುತ್ತದೆ. ಎಲ್ಲವೂ ಘಟ್ಟದಿಂದ ಬೇಗ ಇಳಿದು ಬೇಗ ಮುಗಿಯುವ ಹೊಳೆಗಳು. ಫ್ಲೋರಿಡಾದ ಜೌಗಿನಂತೆ ನೂರಾರು ಮೈಲಿ ಹರಡಿದ ನೀರು ಇಲ್ಲಿಲ್ಲ. ಮಗರ್ ಸಿಹಿನೀರಿನದ್ದಾದರೂ ಉಪ್ಪುನೀರನ್ನು ತಾಳಿಕೊಳ್ಳಬಲ್ಲುದು. ಗೋವೆಯ ಕುಂಬಾರ್ಜುವಾ ಕಾಲುವೆಯ ಕಾಂಡ್ಲಾ ಕಾಡಿನಲ್ಲಿ ಅವು ಇಂದಿಗೂ ಬಾಳುತ್ತಿವೆ. ಮಳೆಗಾಲದ ರಾತ್ರಿ ನೆಲದ ಮೇಲೆ ಬಹಳ ದೂರ ನಡೆಯಬಲ್ಲುದು. ಬಾವಿಗೆ ಬರುವ ಮೊಸಳೆ ಹೀಗೆ ಜಾಗ ಹುಡುಕಿ ಹೊರಟದ್ದಿರಬೇಕು. ಆದರೆ ಗೂಡಿಗೆ ಅದಕ್ಕೆ ಬೇಕಾದದ್ದು ನೆರೆಯ ಮಟ್ಟಕ್ಕಿಂತ ಎತ್ತರದ ಮರಳು ದಂಡೆ. ಬೇಸಿಗೆಯಲ್ಲಿ ದಂಡೆಯನ್ನು ಅಗೆದು ಮೊಟ್ಟೆಯಿಡುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಮರಿ ಹೊರಬರುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದೂ ಆ ಮರಳಿನ ಕಾವೇ: 32.5 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇದ್ದರೆ ಗಂಡು ಹೆಚ್ಚು, ಅದಕ್ಕಿಂತ ಕೆಳಗೆ ಹೆಣ್ಣು. ನಾವು ಹೊಯ್ಗೆ ತೆಗೆದು ಮಾರುತ್ತಿರುವುದು ಅಂಥ ದಂಡೆಗಳಿಂದಲೇ. ಕೋವಿಯಿಲ್ಲದೆಯೂ ಒಂದು ಸಂತತಿ ಮುಗಿಯಬಲ್ಲುದು.

ಇಂಥ ಕಡೆ ಬೇಟೆಗೆ ಪಾಲು ತೆಗೆಯಲು ಉಳಿಕೆಯೇ ಇಲ್ಲ. ಹತ್ತಿಪ್ಪತ್ತು ಪ್ರಾಣಿಗಳಿರುವ ಹೊಳೆಯಲ್ಲಿ ಎರಡು ದೊಡ್ಡ ಹೆಣ್ಣು ಹೋದರೂ ಆ ಹೊಳೆಗೆ ಅದು ಅಂತ್ಯ. ಆದ್ದರಿಂದ ಮಗರಿನ ವಿಷಯದಲ್ಲಿ ನಮ್ಮ ಪೂರ್ತಿ ನಿಷೇಧವೇ ಸರಿ ಎಂದು ನಾನು ಒತ್ತಿ ಹೇಳುತ್ತೇನೆ. ಅಪಾಯ ಬಂದಾಗ ಕಾನೂನು ಕೈಕಟ್ಟಿ ಕೂರಿಸುವುದೂ ಇಲ್ಲ. ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಮೈಮೇಲೆ ಬಂದ ಪ್ರಾಣಿಯನ್ನು ಜೀವರಕ್ಷಣೆಗಾಗಿ ಕೊಂದರೆ ಅಪರಾಧವಲ್ಲ. ಹಿಡಿಯಲು, ಸಾಗಿಸಲು ಸಾಧ್ಯವೇ ಇಲ್ಲ ಎಂದಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಅನುಮತಿ ಕೊಡಬಹುದು. ಹಿಡಿದು ದೂರ ಬಿಡುವುದೂ ಸುಲಭದ ಪರಿಹಾರವಲ್ಲ. ಆಸ್ಟ್ರೇಲಿಯಾದಲ್ಲಿ ಉಪ್ಪುನೀರಿನ ಮೊಸಳೆಗಳಿಗೆ ಉಪಗ್ರಹ ಸಾಧನ ಕಟ್ಟಿ ದೂರ ಒಯ್ದು ಬಿಟ್ಟರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವು ತಮ್ಮ ಹಳೆಯ ಜಾಗಕ್ಕೇ ಮರಳಿದವು, ಒಂದಂತೂ ಕರಾವಳಿ ಸುತ್ತಿ 400 ಕಿಲೋಮೀಟರಿಗೂ ಹೆಚ್ಚು ಈಜಿ ಬಂತು. ಬಾವಿಗೆ ಕಟ್ಟೆ ಕಟ್ಟುವುದು ಇದಕ್ಕಿಂತ ನಂಬಿಕೆಯ ಕೆಲಸ.

ಕೋಟದ ಗದ್ದೆಯಂಚಿನಲ್ಲಿ ನಿಂತು ನೋಡಿದರೆ ಬೇಟೆಯ ಪ್ರಶ್ನೆ ಮೊಸಳೆಯದಲ್ಲ, ಹಂದಿಯದು. ಭತ್ತ ಹಾಲುಗಟ್ಟುವ ಹೊತ್ತಿಗೆ ಒಂದು ರಾತ್ರಿಯಲ್ಲಿ ಗದ್ದೆ ಮಗುಚಿ ಹಾಕಿ ಹೋಗುತ್ತದೆ. ಬೆಳೆ ಕಾಯುವ ಕೋವಿಗೆ ಲೈಸೆನ್ಸಿದೆ, ಚುನಾವಣೆ ಬಂದರೆ ಅದನ್ನೂ ಠಾಣೆಯಲ್ಲಿಡಬೇಕು. ಮಗರ್ ಮೊಟ್ಟೆಯಿಡುವ ವಯಸ್ಸಿಗೆ ಬರಲು ಆರು ವರ್ಷವೋ ಹೆಚ್ಚೋ ಬೇಕು. ಕಾಡುಹಂದಿ ಒಂದೆರಡು ವರ್ಷದೊಳಗೆ ಮರಿ ಹಾಕುತ್ತದೆ, ಒಂದು ಸೂಲಿಗೆ ನಾಲ್ಕಾರು. ಇಂಥ ಪ್ರಾಣಿಯಲ್ಲಿ ಉಳಿಕೆ ಇರುತ್ತದೆ, ನಿಯಂತ್ರಿತವಾಗಿ ತೆಗೆಯಲೂ ಬಹುದು. ಬೆಳೆ ಹಾಳುಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಅದೇ 11ನೇ ಸೆಕ್ಷನ್ನಿನಲ್ಲಿದೆ. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯತಿಯ ಅಧ್ಯಕ್ಷರವರೆಗೂ ಇಳಿಸಿತು. ನಮ್ಮ ರೈತರ ಬೇಡಿಕೆ ನ್ಯಾಯವಾದದ್ದು. ಆದರೆ ಎಣಿಕೆಯಿಲ್ಲದೆ ಕೊಟ್ಟ ಅನುಮತಿ 1972ರ ಲೈಸೆನ್ಸಿನ ಹಾದಿಯನ್ನೇ ಹಿಡಿಯುತ್ತದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಹಂದಿಗೆಂದು ಹಾಯಿಸಿದ ಕರೆಂಟಿಗೆ ಮನುಷ್ಯರೇ ಸಾಯುತ್ತಾರೆ.

ಕುಂದಾಪುರ, ಬ್ರಹ್ಮಾವರ, ಬೈಂದೂರಿನ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವವರಿದ್ದಾರೆ. ಹೊಳೆಯನ್ನು ಅಂಗೈಯಂತೆ ಬಲ್ಲ ಖಾರ್ವಿ ದೋಣಿಯವರಿದ್ದಾರೆ. ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕಯಾಕಿನಲ್ಲಿ ಕರೆದೊಯ್ಯುವ ಹುಡುಗರಿದ್ದಾರೆ. ಅರಣ್ಯ ಇಲಾಖೆ ಇವರನ್ನೆಲ್ಲ ಸೇರಿಸಿಕೊಂಡು ಸೌಪರ್ಣಿಕಾದಿಂದ ಸೀತಾ ನದಿಯವರೆಗೆ ಪ್ರತಿ ಬೇಸಿಗೆ ರಾತ್ರಿ ಎಣಿಕೆ ನಡೆಸಲಿ. ಗದ್ದೆಯಂಚಿನಲ್ಲಿ ಹಂದಿಗಾಗಿ ಕ್ಯಾಮೆರಾ ಇಡಲಿ. ಆ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಕೊಲ್ಲಬೇಕೋ ಬೇಡವೋ ಎಂಬ ಮಾತನ್ನು ಅವುಗಳನ್ನು ಮುಂದಿಟ್ಟುಕೊಂಡು ಆಡೋಣ.